ವಿನೋದಕ್ಕಾಗಿ ಓದುವುದು ವ್ಯರ್ಥವೇ?



ಪಾಠಶಾಲೆಯ ಪುಸ್ತಕಭಂಡಾರದಿಂದ ಬಾಲಿಕೆಯೊಬ್ಬಳು ಒಂದು ಪುಸ್ತಕವನ್ನು ಮನೆಗೆ ಕೊಂಡೊಯ್ದರೆ, ಹಿರಿಯರು ಸಾಮಾನ್ಯವಾಗಿ ಕೇಳುವ ಮೊದಲನೆಯ ಪ್ರಶ್ನೆಯು “ಇದು ಪರೀಕ್ಷೆಗೆ ಉಂಟೋ?” ಎಂಬುದು. ಇಲ್ಲವೆಂದು ತಿಳಿದರೆ ಎರಡನೆಯ ಪ್ರಶ್ನೆಯು “ಹಾಗಾದರೆ ಇದರಲ್ಲಿರುವ ನೀತಿಯೇನು?” ಎಂಬುದು. ಈ ಎರಡಕ್ಕೂ ಸಮರ್ಪಕವಾದ ಉತ್ತರವು ದೊರೆಯದಿದ್ದಲ್ಲಿ ಪುಸ್ತಕವು ಅಟ್ಟವನ್ನೇರುವುದು; ಬಾಲಿಕೆಯು ಗಣಿತದ ಲೆಕ್ಕಗಳಿಗೆ ಹಿಂದಿರುಗುವಳು. ಮಕ್ಕಳ ಶ್ರೇಯಸ್ಸನ್ನು ಬಯಸಿಯೇ ಹಿರಿಯರು ಹೀಗೆ ಮಾಡುವರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಪರೀಕ್ಷೆಗೂ ಉಪಯೋಗವಾಗದ, ನೀತಿಯನ್ನೂ ಬೋಧಿಸದ, ಓದಿದವರನ್ನು ನಗಿಸುವುದೊಂದನ್ನೇ ಮುಖ್ಯ ಕಾರ್ಯವನ್ನಾಗಿ ಇಟ್ಟುಕೊಂಡಿರುವ ಪುಸ್ತಕಗಳ ಪರವಾಗಿ ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂಬುದು ನನ್ನ ಅಪೇಕ್ಷೆ. ಸಾಮಾನ್ಯವಾಗಿ ಮಾತನಾಡಿದರೆ ವಾದವು ಗಾಳಿಯಲ್ಲಿ ತೇಲುವುದಾದಕಾರಣ, ಒಂದು ಪುಸ್ತಕವನ್ನೇ ಉದಾಹರಣೆಯಾಗಿ ಹಿಡಿದು ಮುಂದುವರಿಯುತ್ತೇನೆ.

ಆ ಪುಸ್ತಕವು ಡಗ್ಲಸ್ ಆಡಮ್ಸ್ ಎಂಬ ಇಂಗ್ಲಿಷ್ ಗ್ರಂಥಕರ್ತನು 1979ರಲ್ಲಿ ಪ್ರಕಟಿಸಿದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಎಂಬ ವಿನೋದಮಯವಾದ ವೈಜ್ಞಾನಿಕ ಕಾದಂಬರಿ. ದಾರಿಯಲ್ಲಿ ಹೋಗುವ ವಾಹನಗಳನ್ನು ನಿಲ್ಲಿಸಿ, ಬಿಟ್ಟಿ ಸವಾರಿ ಮಾಡುತ್ತ ಆಕಾಶಗಂಗೆಯನ್ನೆಲ್ಲ ಸುತ್ತುವವರಿಗೆ ಒಂದು ಕೈಪಿಡಿ ಎಂದು ಆ ಹೆಸರಿನ ಅರ್ಥ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರಷ್ಟೆ. ಈ ಕಥೆಯಲ್ಲಿ ಸುತ್ತುವ ದೇಶವು ನಕ್ಷತ್ರಮಂಡಲಗಳಷ್ಟು ವಿಸ್ತಾರವಾದದ್ದು. ಓದುವ ಕೋಶವು ಅಂಗೈಯಲ್ಲಿ ಹಿಡಿಯತಕ್ಕ ಒಂದು ಯಂತ್ರ. ಗುಂಡಿಯನ್ನೊತ್ತಿದರೆ ಅದರ ಪುಟ್ಟ ತೆರೆಯ ಮೇಲೆ ಬೇಕಾದ ವಿಷಯವು ಮೂಡುವುದು. ಈ ಕಲ್ಪನೆಯು ಹುಟ್ಟಿದ ಕಾಲದಲ್ಲಿ ಅದು ಕೇವಲ ವಿನೋದವಾಗಿತ್ತು. ಇಂದು ಅಂತಹ ಯಂತ್ರವು ನಮ್ಮೆಲ್ಲರ ಮನೆಗಳಲ್ಲಿಯೂ ಇದ್ದು, ಅದನ್ನು ಮಕ್ಕಳ ಕೈಯಿಂದ ಬಿಡಿಸುವುದೇ ಪೋಷಕರಿಗೆ ದೊಡ್ಡ ಕೆಲಸವಾಗಿದೆ.

ಗ್ರಂಥಕರ್ತನ ವಿಷಯವಾಗಿಯೂ ಸ್ವಲ್ಪ ತಿಳಿಯತಕ್ಕದ್ದು. ಅವನು 1952ರ ಮಾರ್ಚ್ 11ರಂದು ಕೇಂಬ್ರಿಜ್ ನಗರದಲ್ಲಿ ಹುಟ್ಟಿದನು. ಎಸೆಕ್ಸ್ ಪ್ರಾಂತದ ಬ್ರೆಂಟ್‌ವುಡ್ ಶಾಲೆಯಲ್ಲಿ ಬಾಲಕನಾಗಿದ್ದಾಗ ಬರೆದ ಒಂದು ಕಥೆಗೆ ಅವನ ಉಪಾಧ್ಯಾಯರು ಹತ್ತಕ್ಕೆ ಹತ್ತು ಅಂಕಗಳನ್ನು ಕೊಟ್ಟರು. ಆ ಉಪಾಧ್ಯಾಯರು ತಮ್ಮ ವೃತ್ತಿಜೀವನದಲ್ಲಿ ಮತ್ತಾರಿಗೂ ಹಾಗೆ ಪೂರ್ಣಾಂಕಗಳನ್ನು ಕೊಟ್ಟವರಲ್ಲ. ಮುಂದೆ ಪ್ರಖ್ಯಾತನಾದ ಮೇಲೂ, ಬರೆಯಲು ಕುಳಿತು ಮಾತುಗಳು ಬಾರದೆ ಸಂಕಟಪಡುವಾಗಲೆಲ್ಲ, ಆಡಮ್ಸ್ ಆ ಹತ್ತು ಅಂಕಗಳನ್ನು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದನು. ನಮ್ಮ ವೃತ್ತಿಯಲ್ಲಿರುವವರು ಕೆಂಪು ಶಾಯಿಯ ಲೇಖನಿಯನ್ನು ಹಿಡಿಯುವ ಮುಂಚೆ ಈ ಸಂಗತಿಯನ್ನು ಒಮ್ಮೆ ಸ್ಮರಿಸಿಕೊಳ್ಳುವುದು ಒಳ್ಳೆಯದು. 1971ರಲ್ಲಿ, ಇನ್ನೂ ಇಪ್ಪತ್ತು ತುಂಬದ ತರುಣನಾಗಿ, ಯುರೋಪು ಖಂಡವನ್ನು ಸುತ್ತುತ್ತ ಆಸ್ಟ್ರಿಯ ದೇಶದ ಇನ್ಸ್‌ಬ್ರುಕ್ ಊರಿನ ಹೊಲವೊಂದರಲ್ಲಿ ನಕ್ಷತ್ರಗಳನ್ನು ನೋಡುತ್ತ ಮಲಗಿದ್ದಾಗ ಈ ಪುಸ್ತಕದ ಕಲ್ಪನೆಯು ಹೊಳೆಯಿತೆಂದು ಅವನು ಹೇಳುತ್ತಿದ್ದನು. ಕಥೆಯು ಮೊದಲು ಜನರನ್ನು ಮುಟ್ಟಿದ್ದು ಅಚ್ಚಿನ ಮೂಲಕವಲ್ಲ. 1978ರ ಮಾರ್ಚ್ 8ರಂದು ಬಿಬಿಸಿ ರೇಡಿಯೋದಲ್ಲಿ ನಾಟಕರೂಪವಾಗಿ ಅದು ಆರಂಭವಾಯಿತು. ಕಿವಿಯಿಂದ ಕೇಳುವುದಕ್ಕಾಗಿ ಹುಟ್ಟಿದ್ದರಿಂದಲೇ, ಗಟ್ಟಿಯಾಗಿ ಓದಿದರೆ ಅದರ ಸೊಗಸು ಇಮ್ಮಡಿಯಾಗುವುದು.

ಕಥೆಯ ಪ್ರಾರಂಭವನ್ನು ಹೇಳುತ್ತೇನೆ. ಆರ್ಥರ್ ಡೆಂಟ್ ಎಂಬ ಸಾಧು ಸ್ವಭಾವದ ಆಂಗ್ಲೇಯನೊಬ್ಬನ ಮನೆಯನ್ನು ಕೆಡವಿ, ಆ ಸ್ಥಳದಲ್ಲಿ ಬಳಸುದಾರಿಯನ್ನು ಹಾಕುವುದಕ್ಕಾಗಿ ಅಧಿಕಾರಿಗಳು ಬುಲ್‌ಡೋಜರ್ ಸಮೇತ ಬಂದು ನಿಲ್ಲುವರು. ನಕ್ಷೆಯನ್ನು ಸಾರ್ವಜನಿಕರ ಅವಗಾಹನೆಗಾಗಿ ಇಟ್ಟಿದ್ದೆವಲ್ಲ ಎಂಬುದು ಅವರ ವಾದ. ಇಟ್ಟಿದ್ದುದಾದರೂ ಎಲ್ಲಿ? ಕಚೇರಿಯ ನೆಲಮಾಳಿಗೆಯಲ್ಲಿ, ದೀಪವೂ ಮೆಟ್ಟಿಲೂ ಇಲ್ಲದ ಕಡೆ, ಬೀಗ ಹಾಕಿದ ಬೀರುವಿನೊಳಗೆ. ಆರ್ಥರನು ತನ್ನ ಮನೆಗಾಗಿ ಕೆಸರಿನಲ್ಲಿ ಮಲಗಿ ಸತ್ಯಾಗ್ರಹ ಹೂಡಿರುವಾಗಲೇ, ವೋಗನರೆಂಬ ಅನ್ಯಲೋಕದ ಅಧಿಕಾರಿವರ್ಗದವರು ಆಕಾಶದಲ್ಲಿ ಕಾಣಿಸಿಕೊಂಡು, ಅಂತರಿಕ್ಷದ ಬಳಸುದಾರಿಗಾಗಿ ಭೂಮಿಯನ್ನೇ ಕೆಡವುವುದಾಗಿ ಸಾರುವರು. ಮನುಷ್ಯರು ಗೋಳಾಡಿದರೆ, ನಕ್ಷೆಯು ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ ಐವತ್ತು ವರ್ಷಗಳಿಂದ ಇತ್ತು, ನೀವೇಕೆ ಹೋಗಿ ನೋಡಲಿಲ್ಲ ಎಂದು ಗದರಿಸುವರು. ಭೂಮಿಯು ನಾಶವಾಗುವುದು, ಫೋರ್ಡ್ ಪ್ರಿಫೆಕ್ಟ್ ಎಂಬ ಅನ್ಯಗ್ರಹದ ಸ್ನೇಹಿತನ ದಯೆಯಿಂದ ಆರ್ಥರನು ಮಾತ್ರ, ಮೈಮೇಲಿನ ಉಡುಗೆಯೊಂದಿಗೆ, ಪಾರಾಗಿ ಅಂತರಿಕ್ಷವನ್ನು ಅಲೆಯುವನು.

ಸರಕಾರದ ಕಚೇರಿಯೊಂದರಲ್ಲಿ ಒಂದು ಕಾಗದಕ್ಕಾಗಿ ಮೂರು ಮೇಜುಗಳ ನಡುವೆ ಅಲೆದಾಡಿದ ಯಾರಿಗಾದರೂ ಈ ಭಾಗವನ್ನು ಅರ್ಥಮಾಡಿಕೊಳ್ಳಲು ವಿಶೇಷ ಇಂಗ್ಲಿಷ್ ಪಾಂಡಿತ್ಯವು ಬೇಕಾಗುವುದಿಲ್ಲ. ಆಲ್ಫಾ ಸೆಂಟಾರಿಯ ವಿಷಯದಲ್ಲಂತೂ ನಮ್ಮ ಹುಡುಗಿಯರಿಗೆ ಇಂಗ್ಲೆಂಡಿನ ಓದುಗರಿಗಿಲ್ಲದ ಒಂದು ಸೌಕರ್ಯವುಂಟು. ದಕ್ಷಿಣಾಕಾಶದ ಆ ನಕ್ಷತ್ರವು ಲಂಡನ್ನಿನಲ್ಲಿ ಎಂದಿಗೂ ದಿಗಂತದ ಮೇಲೆ ಏರುವುದಿಲ್ಲ. ನಮ್ಮ ನಾಡಿನಲ್ಲಾದರೋ ಮೇ ತಿಂಗಳ ರಾತ್ರಿಗಳಲ್ಲಿ, ಮೋಡವಿಲ್ಲದಿದ್ದರೆ, ದಕ್ಷಿಣ ದಿಕ್ಕಿನಲ್ಲಿ ತಗ್ಗಾಗಿ ಬೆಳಗುವುದನ್ನು ನೋಡಬಹುದು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರ್ ವೇಗದಿಂದ ಧಾವಿಸಿದರೂ ಅಲ್ಲಿಂದ ಇಲ್ಲಿಗೆ ತಲಪಲು ನಾಲ್ಕು ವರ್ಷಗಳಿಗೂ ಮಿಕ್ಕಿ ಹಿಡಿಯುವುದು. ಇಂದು ಹತ್ತನೆಯ ತರಗತಿಯಲ್ಲಿರುವ ಹುಡುಗಿಯು ಕಾಣುವ ಆ ಕಿರಣವು, ಆಕೆಯು ಆರನೆಯ ತರಗತಿಯಲ್ಲಿದ್ದಾಗಲೇ ಅಲ್ಲಿಂದ ಹೊರಟದ್ದು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರಸಮೂಹವು ಇಷ್ಟು ದೂರವೆಂದು ತಿಳಿದ ಮೇಲೆ, ಅಲ್ಲಿಗೆ ಹೋಗಿ ನೋಟೀಸು ಓದದ ನಮ್ಮ ಸೋಮಾರಿತನವನ್ನು ವೋಗನರು ಆಕ್ಷೇಪಿಸುವ ಪರಿಯನ್ನು ನೆನೆದು ನಗು ಬಾರದೆ ಇರದು. ವಿಜ್ಞಾನವು ತಿಳಿದಷ್ಟೂ ಇಲ್ಲಿ ನಗು ಹೆಚ್ಚುವುದು. ನಕ್ಕಷ್ಟೂ ವಿಜ್ಞಾನದಲ್ಲಿ ಕುತೂಹಲವು ಹೆಚ್ಚುವುದು.

ಇನ್ನೊಂದು ಪ್ರಸಂಗವು ಉಪಾಧ್ಯಾಯರಿಗೂ ಪೋಷಕರಿಗೂ ಬಹಳ ಸಮೀಪದ್ದು. ಜೀವನ, ವಿಶ್ವ, ಮತ್ತಿತರ ಸಮಸ್ತದ ಪರಮ ಪ್ರಶ್ನೆಗೆ ಉತ್ತರವನ್ನು ಕಂಡುಹಿಡಿಯುವುದಕ್ಕಾಗಿ ಜ್ಞಾನಿಗಳ ಒಂದು ಜನಾಂಗವು ಮಹಾಗಣಕಯಂತ್ರವೊಂದನ್ನು ನಿರ್ಮಿಸುವುದು. ಆ ಯಂತ್ರವು 75 ಲಕ್ಷ ವರ್ಷಗಳ ಕಾಲ ಆಲೋಚಿಸಿ, ಕೊನೆಗೆ ಬಹು ಗಾಂಭೀರ್ಯದಿಂದ ನೀಡುವ ಉತ್ತರವು 42. ಕೇಳಿದವರು ದಿಗ್ಭ್ರಾಂತರಾಗಲು, ಪ್ರಶ್ನೆಯೇನೆಂಬುದನ್ನು ನೀವು ಸರಿಯಾಗಿ ಅರಿತಿರಲಿಲ್ಲವಲ್ಲ ಎಂದು ಯಂತ್ರವು ತಿಳಿಸುವುದು. ಪ್ರಶ್ನೆಯನ್ನು ಹುಡುಕುವುದಕ್ಕಾಗಿ ಅದಕ್ಕಿಂತಲೂ ದೊಡ್ಡದಾದ ಮತ್ತೊಂದು ಗಣಕವನ್ನು ಕಟ್ಟಲಾಗುವುದು. ಅದೇ ನಮ್ಮ ಭೂಮಿ. ಒಂದು ಕೋಟಿ ವರ್ಷಗಳ ಲೆಕ್ಕವು ಮುಗಿಯಲು ಇನ್ನು ಐದೇ ನಿಮಿಷಗಳಿರುವಾಗ ವೋಗನರು ಅದನ್ನು ಕೆಡವಿಬಿಡುವರು. ಗೈಡುಗಳಲ್ಲಿ ಅಚ್ಚಾದ ಉತ್ತರಗಳನ್ನು, ಅವು ಯಾವ ಪ್ರಶ್ನೆಗೆ ಉತ್ತರಗಳೆಂಬುದನ್ನೂ ಯೋಚಿಸದೆ, ಬಾಯಿಪಾಠ ಮಾಡುವ ಮಕ್ಕಳನ್ನು ವರ್ಷ ವರ್ಷವೂ ನೋಡುತ್ತಿರುವ ನಮಗೆ ಇದಕ್ಕಿಂತ ಪರಿಚಿತವಾದ ಸನ್ನಿವೇಶ ಯಾವುದು?

ಈ 42ರಲ್ಲಿ ಗೂಢಾರ್ಥವನ್ನು ಹುಡುಕಿ ಗಣಿತಶಾಸ್ತ್ರದ ಮೂಲಕವೂ ಧರ್ಮಶಾಸ್ತ್ರದ ಮೂಲಕವೂ ವ್ಯಾಖ್ಯಾನ ಮಾಡಿದವರು ಅನೇಕರುಂಟು. ಇದು ಬರಿಯ ತಮಾಷೆ, ಒಂದು ಸಾಧಾರಣವಾದ ಚಿಕ್ಕ ಸಂಖ್ಯೆ ಬೇಕಾಗಿತ್ತು, ಅದನ್ನು ಆರಿಸಿಕೊಂಡೆ ಎಂದು ಗ್ರಂಥಕರ್ತನು 1993ರಲ್ಲಿ ಸ್ಪಷ್ಟವಾಗಿ ತಿಳಿಸಿದನು. ತಮಾಷೆಯನ್ನು ತಮಾಷೆಯೆಂದು ಒಪ್ಪಿಕೊಳ್ಳುವುದು ದೊಡ್ಡವರಿಗೆ ಎಷ್ಟು ಕಷ್ಟವೆಂಬುದು ಇದರಿಂದ ಗೊತ್ತಾಗುವುದು. ಮಕ್ಕಳಿಗೆ ಆ ಕಷ್ಟವಿಲ್ಲ. ಅವರು ನಗುವರು, ಪುಟವನ್ನು ತಿರುವುವರು.

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, ಕಾಲವು ವ್ಯರ್ಥವಾಗುವುದೆಂಬುದು. ಪರೀಕ್ಷೆಯ ವರ್ಷದಲ್ಲಿ ಹೊತ್ತಿನ ಬೆಲೆಯನ್ನು ನಾನು ಅರಿಯದವಳಲ್ಲ. ಆದರೆ ವಿನೋದಕ್ಕಾಗಿ ಓದುವವಳು ಯಾರ ಬಲವಂತವೂ ಇಲ್ಲದೆ ಇನ್ನೂರು ಪುಟಗಳನ್ನು ಮುಗಿಸುವಳು; ತಿಳಿಯದ ಶಬ್ದವನ್ನು ನಿಘಂಟಿನಲ್ಲಿ ತಾನಾಗಿಯೇ ಹುಡುಕುವಳು, ಏಕೆಂದರೆ ಆ ಒಂದು ಶಬ್ದವು ತಿಳಿಯದೆ ಹೋದರೆ ನಗುವು ತಪ್ಪಿಹೋಗುವುದು. ವಾಕ್ಯದ ಯಾವ ಭಾಗದಲ್ಲಿ ಬರೆದವನು ಮುಖ ಗಂಭೀರವಾಗಿಟ್ಟುಕೊಂಡು ಪರಿಹಾಸ ಮಾಡುತ್ತಿದ್ದಾನೆಂಬುದನ್ನು ಗುರುತಿಸುವುದು ವಾಚನದಲ್ಲಿ ಅತ್ಯಂತ ಸೂಕ್ಷ್ಮವಾದ ವಿದ್ಯೆ. ನಾವು ತರಗತಿಯಲ್ಲಿ ಅದನ್ನು ಬೋಧಿಸಲು ಹೆಣಗುವೆವು. ವಿನೋದಗ್ರಂಥವು ಅದನ್ನು ಕೂಲಿಯಿಲ್ಲದೆ ಬೋಧಿಸುವುದು.

ಎರಡನೆಯದು, ಇದು ಪರದೇಶದ ಪುಸ್ತಕ, ನಮ್ಮವರಿಗೆ ರುಚಿಸದು ಎಂಬುದು. ಆರ್ಥರನು ಅಂತರಿಕ್ಷದಲ್ಲೆಲ್ಲ ಒಂದು ಲೋಟ ಒಳ್ಳೆಯ ಚಹಾಕ್ಕಾಗಿ ಹಂಬಲಿಸುವುದನ್ನು, ಊರು ಬಿಟ್ಟು ದೂರ ಹೋಗಿ ಬೆಳಗಿನ ಕಾಫಿ ಸಿಕ್ಕದೆ ಪರಿತಪಿಸಿದ ನಮ್ಮವರು ಅರ್ಥಮಾಡಿಕೊಳ್ಳಲಾರರೇ? 1982ರಲ್ಲಿ ಬಂದ ಮೂರನೆಯ ಭಾಗದಲ್ಲಿ ಕ್ರಿಕೆಟ್ ಆಟವು ನಕ್ಷತ್ರಲೋಕದ ಪುರಾತನ ಯುದ್ಧವೊಂದರ ನೆನಪೆಂದು ವರ್ಣಿಸಿದೆ. ಆ ಆಟವನ್ನು ನಮ್ಮ ಹುಡುಗಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಅಂತರಿಕ್ಷದ ಪ್ರವಾಸಿಯ ಬಳಿಯಲ್ಲಿ ಅವಶ್ಯವಾಗಿ ಇರತಕ್ಕ ವಸ್ತುವು ಒಂದು ಟವೆಲು ಎಂದು ಕೈಪಿಡಿಯು ವಿಧಿಸಿ, ಅದರ ನಾನಾ ಉಪಯೋಗಗಳನ್ನು ವಿವರಿಸುವುದು. ಹೆಗಲ ಮೇಲಿನ ಟವೆಲನ್ನೇ ಬಿಸಿಲಿಗೆ ರುಮಾಲಾಗಿಯೂ, ತಲೆಹೊರೆಗೆ ಸಿಂಬೆಯಾಗಿಯೂ, ಮರದಡಿಯಲ್ಲಿ ಹಾಸಿಗೆಯಾಗಿಯೂ, ಸಂತೆಯಿಂದ ಬರುವಾಗ ಗಂಟಾಗಿಯೂ ಬಳಸುವ ನಮ್ಮ ರೈತನಿಗೆ ಈ ವಿಷಯದಲ್ಲಿ ಯಾವ ಲೋಕದವರೂ ಪಾಠ ಹೇಳಬೇಕಾಗಿಲ್ಲ. ಗ್ರಂಥಕರ್ತನು 2001ರ ಮೇ 11ರಂದು, ತನ್ನ 49ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ತಿಂಗಳ 25ರಂದು ಅವನ ಅಭಿಮಾನಿಗಳು ಟವೆಲನ್ನು ಹೊತ್ತು ತಿರುಗಿ ಅವನನ್ನು ಸ್ಮರಿಸಿದರು. ಅಂದಿನಿಂದ ಪ್ರತಿವರ್ಷವೂ ಆ ದಿನವನ್ನು ಹಾಗೆಯೇ ಆಚರಿಸುತ್ತಾರೆ.

ಮೂರನೆಯ ಆಕ್ಷೇಪಣೆಯು ನಮ್ಮಂತಹ ವಿದ್ಯಾಶಾಲೆಯಲ್ಲಿ ಸಹಜವಾದದ್ದು. ಗ್ರಂಥಕರ್ತನು ತಾನು ದೇವರನ್ನು ನಂಬುವವನಲ್ಲವೆಂದು ಬಹಿರಂಗವಾಗಿ ಹೇಳಿಕೊಂಡವನು; ಪುಸ್ತಕದಲ್ಲಿಯೂ ದೇವರ ಅಸ್ತಿತ್ವದ ತರ್ಕವನ್ನು ಕುರಿತ ಒಂದು ಪರಿಹಾಸವುಂಟು. ಇದನ್ನು ಪೋಷಕರಿಂದ ಮುಚ್ಚಿಡುವುದು ನ್ಯಾಯವಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ಆ ಪರಿಹಾಸದ ಏಟು ಬೀಳುವುದು ತರ್ಕದ ಬಲೆಯಲ್ಲಿ ದೇವರನ್ನು ಹಿಡಿಯಹೊರಡುವ ಅತಿಬುದ್ಧಿವಂತರ ಮೇಲೆ. ಒಂದು ನಗೆಮಾತಿಗೆ ಕುಸಿಯುವ ವಿಶ್ವಾಸವು ಜೀವನದ ನಿಜವಾದ ದುಃಖಗಳ ಮುಂದೆ ಹೇಗೆ ನಿಂತೀತು? ಮಗಳು ಆ ಪುಟವನ್ನು ಓದಿ ಪ್ರಶ್ನೆಯನ್ನು ಕೇಳಿದರೆ, ತಾಯಿತಂದೆಗಳು ಗದರಿಸದೆ ಅವಳೊಡನೆ ಕುಳಿತು ಮಾತನಾಡಲಿ. ಆ ಸಂಭಾಷಣೆಯು ಪುಸ್ತಕವನ್ನು ಅಡಗಿಸಿಡುವುದಕ್ಕಿಂತ ಹೆಚ್ಚು ಕಾಪಾಡುವುದು.

ಭೂಮಿಯ ನಾಶವನ್ನು ಹಾಸ್ಯಮಾಡಿದವನು ಭೂಮಿಯನ್ನು ಅಲಕ್ಷ್ಯ ಮಾಡಿದನೆಂದೂ ಭಾವಿಸಬಾರದು. ಅವನು ಮಾರ್ಕ್ ಕಾರ್ವರ್ಡೈನ್ ಎಂಬ ಪ್ರಾಣಿಶಾಸ್ತ್ರಜ್ಞನೊಡನೆ ದೇಶದೇಶಗಳನ್ನು ಸುತ್ತಿ, ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳನ್ನು ನೋಡಿ ಬಂದು 1990ರಲ್ಲಿ ‘ಲಾಸ್ಟ್ ಚಾನ್ಸ್ ಟು ಸೀ’ ಎಂಬ ಪುಸ್ತಕವನ್ನು ಹೊರತಂದನು. ಅದರಲ್ಲಿ ಬರುವ ಚೀನಾದ ಯಾಂಗ್‌ಟ್ಸಿ ನದಿಯ ಡಾಲ್ಫಿನ್ನನ್ನು 2006ರಲ್ಲಿ ವಾರಗಟ್ಟಲೆ ಹುಡುಕಿದರೂ ಒಂದೂ ಕಾಣಸಿಗಲಿಲ್ಲ. ಆದರೆ ನ್ಯೂಜಿಲೆಂಡಿನ ಹಾರಲಾರದ ಗಿಣಿಯಾದ ಕಾಕಪೋ, ಆಗ ಐವತ್ತರ ಆಸುಪಾಸಿನಲ್ಲಿದ್ದದ್ದು, ಜನರ ಆರೈಕೆಯಿಂದ ಈಗ ಇನ್ನೂರನ್ನು ಮೀರಿದೆ. ನಗಿಸುವವರು ಗಂಭೀರವಾಗಿ ಪ್ರೀತಿಸಬಲ್ಲರೆಂಬುದಕ್ಕೆ ಇದು ಸಾಕ್ಷಿ.

ನಾಲ್ಕನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಅದೇ ಎಲ್ಲಕ್ಕಿಂತ ಆಳವಾದದ್ದೆಂದು ನಾನು ತಿಳಿದಿದ್ದೇನೆ. ನಗುವ ಹೆಂಗಸನ್ನು ನಂಬಬಾರದೆಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಗಂಡುಹುಡುಗರು ಪುಸ್ತಕವನ್ನು ಹಿಡಿದು ಬಿದ್ದು ಬಿದ್ದು ನಕ್ಕರೆ ಅದು ವಯಸ್ಸಿನ ಚೇಷ್ಟೆ; ಹೆಣ್ಣುಮಗಳು ಹಾಗೆ ನಕ್ಕರೆ ಅಡಿಗೆಮನೆಯಿಂದ ಕರೆ ಬರುವುದು. ಅಂತರಿಕ್ಷ, ಯಂತ್ರ, ಗಣಿತ ಇವುಗಳ ಕಥೆಗಳನ್ನು ಹುಡುಗರಿಗೂ, ಸಂಸಾರದ ಕಥೆಗಳನ್ನು ಹುಡುಗಿಯರಿಗೂ ಹಂಚಿಬಿಡುವ ವಾಡಿಕೆಯೂ ಇನ್ನೂ ಅಳಿದಿಲ್ಲ. ಈ ವಿಷಯದಲ್ಲಿ ಆಡಮ್ಸನ ಪುಸ್ತಕವೂ ನಿರ್ದೋಷಿಯಲ್ಲ. ಅದರಲ್ಲಿನ ಮುಖ್ಯ ಸ್ತ್ರೀಪಾತ್ರಳಾದ ಟ್ರಿಲಿಯನ್ ಗಣಿತದಲ್ಲಿಯೂ ನಕ್ಷತ್ರ ಭೌತಶಾಸ್ತ್ರದಲ್ಲಿಯೂ ಪದವಿಗಳನ್ನು ಪಡೆದವಳು. ಆದರೆ ಮೊದಲನೆಯ ಭಾಗದಲ್ಲಿ ಆ ವಿದ್ಯೆಗೆ ತಕ್ಕ ಕೆಲಸವನ್ನು ಗ್ರಂಥಕರ್ತನು ಅವಳಿಗೆ ಕೊಟ್ಟಿಲ್ಲ. ಪದವಿಯನ್ನು ಪಡೆದು ತಕ್ಕ ಕೆಲಸ ದೊರೆಯದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅವಳನ್ನು ಸುಲಭವಾಗಿ ಗುರುತಿಸುವರು. ಓದುವ ಹುಡುಗಿಯು ಈ ಕೊರತೆಯನ್ನು ತಾನೇ ಕಂಡು ಟೀಕಿಸಿದರೆ ಅದೂ ಒಂದು ಲಾಭವೇ.

ಇಂತಹ ಕಥೆಗಳು ಸ್ತ್ರೀಯರಿಗೆ ಪರಕೀಯವೆನ್ನುವವರು ನಮ್ಮ ದೇಶದ ಒಂದು ಸಂಗತಿಯನ್ನು ಕೇಳತಕ್ಕದ್ದು. 1905ರಲ್ಲಿ, ಆಡಮ್ಸನು ಹುಟ್ಟುವುದಕ್ಕೆ ಸುಮಾರು ಅರ್ಧ ಶತಮಾನ ಮುಂಚೆ, ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಎಂಬ ಮಹಿಳೆಯು ಇಂಗ್ಲಿಷಿನಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆಯನ್ನು ಬರೆದು, ಮದರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದಳು. ಆ ಕಥೆಯ ದೇಶದಲ್ಲಿ ಗಂಡಸರು ಅಂತಃಪುರದಲ್ಲಿ ಅಡಗಿರುವರು. ಹೆಂಗಸರು ಸೂರ್ಯನ ಶಾಖದಿಂದ ಅಡಿಗೆ ಮಾಡುತ್ತ, ಆಕಾಶಯಾನಗಳಲ್ಲಿ ಸಂಚರಿಸುತ್ತ, ರಾಜ್ಯವನ್ನಾಳುವರು. ಇದನ್ನು ಬರೆದವಳೇ 1911ರಲ್ಲಿ ಕಲಕತ್ತೆಯಲ್ಲಿ ಬಾಲಿಕೆಯರ ಶಾಲೆಯನ್ನು ನೆಲೆಗೊಳಿಸಿದಳು. ನಗೆ, ವಿಜ್ಞಾನ, ಹೆಣ್ಣುಮಕ್ಕಳ ವಿದ್ಯೆ ಈ ಮೂರೂ ಒಂದೇ ಕೈಯಲ್ಲಿ ಕೂಡಿಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇದ್ದದ್ದು ಹೀಗೆಯೇ ಇರಬೇಕಾಗಿಲ್ಲವೆಂದು ಕಲ್ಪಿಸಿಕೊಳ್ಳಬಲ್ಲವರು ಮಾತ್ರ ಅದನ್ನು ನೋಡಿ ನಗಬಲ್ಲರು; ಬದಲಾಯಿಸಲೂ ಬಲ್ಲರು.

ಕೊನೆಯದಾಗಿ ಎರಡು ವಿಜ್ಞಾಪನೆಗಳು. ಪೋಷಕರಲ್ಲಿ ನಾನು ಬೇಡುವುದು ವಾರಕ್ಕೊಂದು ಗಂಟೆ ಮಾತ್ರ. ಆ ಗಂಟೆಯಲ್ಲಿ ನಿಮ್ಮ ಮಗಳು ತನಗೆ ಇಷ್ಟವಾದ ಪುಸ್ತಕವನ್ನು ಓದಲಿ. ಅದರ ಸಾರಾಂಶವನ್ನು ಬರೆಸಬೇಡಿರಿ, ನೀತಿಯನ್ನು ಕೇಳಬೇಡಿರಿ. ಅವಳು ನಕ್ಕರೆ “ಏನದು, ನಮಗೂ ಓದಿ ಹೇಳು” ಎನ್ನಿರಿ, ಸಾಕು.

ಹಳೆಯ ವಿದ್ಯಾರ್ಥಿನಿಯರೇ, ಎರಡನೆಯದು ನಿಮಗೆ. ಈ ಶಾಲೆಯ ಪುಸ್ತಕಭಂಡಾರದಲ್ಲಿ ಗಂಟೆ ಹೊಡೆದರೂ ಏಳದೆ ಓದುತ್ತಿದ್ದವರು ನಿಮ್ಮಲ್ಲಿ ಎಷ್ಟೋ ಮಂದಿ. ಮದುವೆಯಾಗಿ, ಉದ್ಯೋಗವನ್ನು ಹಿಡಿದು, ಮನೆವಾರ್ತೆಯನ್ನು ಹೊತ್ತ ಮೇಲೆ, ಓದುವುದೆಂದರೆ ಮಕ್ಕಳ ಪಾಠವನ್ನು ಒಪ್ಪಿಸಿಕೊಳ್ಳುವುದು ಎಂಬಷ್ಟಕ್ಕೆ ನಿಂತಿರಬಹುದು. ನಿಮ್ಮ ಸ್ವಂತ ಸಂತೋಷಕ್ಕಾಗಿ ಒಂದು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳಿರಿ. ತಾಯಿಯು ಓದಿ ನಗುವುದನ್ನು ಕಂಡ ಮಗಳಿಗೆ ಓದಬೇಕೆಂಬ ಉಪದೇಶವು ಬೇಕಾಗಲಾರದು. ಆಡಮ್ಸನ ಕೈಪಿಡಿಯ ಹೊದಿಕೆಯ ಮೇಲೆ, ಓದುವವರು ಗಾಬರಿಪಡದಂತೆ ಧೈರ್ಯ ಹೇಳುವ ಎರಡು ಪದಗಳು ದೊಡ್ಡ ಅಕ್ಷರಗಳಲ್ಲಿ ಇರುವುವಂತೆ. ಮಗಳು ಪಠ್ಯವಲ್ಲದ ಪುಸ್ತಕವನ್ನು ಹಿಡಿದು ಮೂಲೆಯಲ್ಲಿ ಕುಳಿತಿರುವುದನ್ನು ಕಂಡಾಗ ನೀವೂ ಹಾಗೆಯೇ ಇರಿ ಎಂಬುದು ನನ್ನ ಪ್ರಾರ್ಥನೆ.

— ಮುಖ್ಯೋಪಾಧ್ಯಾಯಿನಿ